ಕಮ್ಯೂಟರ್, ಕ್ರೂಸರ್, ಅಡ್ವೆಂಚರ್: ಬೈಕಿನ ಬಗೆಗಳಲ್ಲಿ ನಿಜವಾದ ವ್ಯತ್ಯಾಸವೇನು?

ಪ್ರಶ್ನೆ: ತೋಟದ ಮನೆ, ಮೂಡಿಗೆರೆ

ಎಲ್ಲರಿಗೂ ನಮಸ್ಕಾರ. ನಮ್ಮ ಮನೆ ಮೂಡಿಗೆರೆ ತಾಲ್ಲೂಕಿನಲ್ಲಿದ್ದು, ಡಾಂಬರು ರಸ್ತೆಯಿಂದ ಮನೆಯವರೆಗೆ ಕಾಫಿ ತೋಟದ ಮಣ್ಣುದಾರಿಯಲ್ಲೇ ಹೋಗಬೇಕು. ದಿನವೂ ಪೇಟೆಗೆ ಹೋಗಿಬರುವ ಕೆಲಸವಿದೆ. ಹಿಂದೆ ಹೆಚ್ಚಾಗಿ ಅಮ್ಮ ಸೀರೆಯುಟ್ಟು ಒಂದೇ ಬದಿಗೆ ಕಾಲು ಹಾಕಿ ಕೂರುತ್ತಾರೆ. ಆಗೊಮ್ಮೆ ಈಗೊಮ್ಮೆ ಚಾರ್ಮಾಡಿ ಇಳಿದು ಮಂಗಳೂರಿಗೆ ಹೋಗುವುದೂ ಉಂಟು. ಶೋರೂಮಿನಲ್ಲಿ ಕಮ್ಯೂಟರ್, ಸ್ಟ್ರೀಟ್, ಕ್ರೂಸರ್, ಸ್ಪೋರ್ಟ್ಸ್, ಅಡ್ವೆಂಚರ್ ಎಂದು ಹೆಸರು ಹೇಳುತ್ತಾರೆಯೇ ಹೊರತು, ಒಂದಕ್ಕೂ ಇನ್ನೊಂದಕ್ಕೂ ಸವಾರಿಯಲ್ಲಿ ಏನು ವ್ಯತ್ಯಾಸವೆಂದು ಬಿಡಿಸಿ ಹೇಳುವುದಿಲ್ಲ. ನನ್ನ ಎತ್ತರ ಐದು ಅಡಿ ಐದು ಇಂಚು. ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ಘಾಟಿ ಸವಾರ

ಸಿಸಿಯನ್ನೂ ಟ್ಯಾಂಕಿನ ಅಂದವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಸೀಟು, ಹ್ಯಾಂಡಲ್, ಫುಟ್‌ರೆಸ್ಟ್ ಈ ಮೂರೂ ಪರಸ್ಪರ ಎಲ್ಲಿವೆ, ಮುಂದಿನ ಚಕ್ರ ಎಷ್ಟು ದೊಡ್ಡದು, ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗಬಲ್ಲದು ಎಂಬುದನ್ನು ನೋಡಿದರೆ ಬೈಕಿನ ಬಗೆ ತಾನಾಗಿ ತಿಳಿಯುತ್ತದೆ.

ಸ್ಪ್ಲೆಂಡರ್‌ನಂತಹ ಕಮ್ಯೂಟರ್‌ನಲ್ಲಿ ಬೆನ್ನು ನೆಟ್ಟಗಿರುತ್ತದೆ ಮತ್ತು ಫುಟ್‌ರೆಸ್ಟ್ ಹೆಚ್ಚುಕಡಿಮೆ ಸೊಂಟದ ಕೆಳಗೇ ಬರುತ್ತದೆ. ಅವೆಂಜರ್‌ನಂತಹ ಕ್ರೂಸರ್‌ನಲ್ಲಿ ಸೀಟು ತೀರಾ ತಗ್ಗು, ಕಾಲು ಮುಂದಕ್ಕೆ ಚಾಚಿರುತ್ತದೆ, ಮುಂದಿನ ಫೋರ್ಕ್ (ಮುಂದಿನ ಚಕ್ರವನ್ನು ಹಿಡಿದಿರುವ ಜೋಡಿ ಕೊಳವೆ) ಹೆಚ್ಚು ಓರೆಯಾಗಿರುತ್ತದೆ. ಆ ಓರೆಯಿಂದಾಗಿ ಹೆದ್ದಾರಿಯಲ್ಲಿ ಬೈಕು ಅಲುಗಾಡದೆ ನೇರ ಸಾಗುತ್ತದೆ. ಆದರೆ ಅದೇ ಕಾರಣಕ್ಕೆ ಚಾರ್ಮಾಡಿಯ ಹಿಮ್ಮುರಿ ತಿರುವುಗಳಲ್ಲಿ ನಿಧಾನವಾಗಿ ತಿರುಗಿಸುವಾಗ ಮುಂಭಾಗ ಭಾರವೆನಿಸುತ್ತದೆ. ಕಾಲು ಮುಂದಿರುವುದರಿಂದ ಹೊಂಡ ಬಂದಾಗ ಫುಟ್‌ರೆಸ್ಟ್ ಮೇಲೆ ಎದ್ದುನಿಲ್ಲುವುದೂ ಕಷ್ಟ, ಹಾಗಾಗಿ ಪೆಟ್ಟು ನೇರವಾಗಿ ಸೊಂಟಕ್ಕೇ ಬೀಳುತ್ತದೆ. ಸ್ಪೋರ್ಟ್ಸ್ ಬೈಕಿನಲ್ಲಿ ಹ್ಯಾಂಡಲ್ ತಗ್ಗು, ಫುಟ್‌ರೆಸ್ಟ್ ಹಿಂದಕ್ಕೆ. ಮೈಭಾರ ಮುಂದಿನ ಚಕ್ರದ ಮೇಲೆ ಬೀಳುವುದರಿಂದ ವೇಗದ ತಿರುವಿನಲ್ಲಿ ಹಿಡಿತ ಚೆನ್ನಾಗಿರುತ್ತದೆ, ಪೇಟೆಯ ಟ್ರಾಫಿಕ್ಕಿನಲ್ಲಿ ಮಾತ್ರ ಮಣಿಕಟ್ಟು ನೋಯುತ್ತದೆ. ಸ್ಟ್ರೀಟ್ ಬೈಕು ಕಮ್ಯೂಟರ್ ಮತ್ತು ಸ್ಪೋರ್ಟ್ಸ್‌ಗಳ ನಡುವಿನದು.

ಅಡ್ವೆಂಚರ್ ಬೈಕಿನ ಗುಟ್ಟು ಇರುವುದು ಮುಂದಿನ ಚಕ್ರದಲ್ಲಿ. ಎಕ್ಸ್‌ಪಲ್ಸ್ 200 ಮತ್ತು ಹಿಮಾಲಯನ್ ಎರಡಕ್ಕೂ ಮುಂದೆ 21 ಇಂಚಿನ ಚಕ್ರವಿದೆ. ಚಕ್ರ ದೊಡ್ಡದಾದಷ್ಟೂ ಕಲ್ಲು, ಬೇರು, ಗುಂಡಿಯ ಅಂಚುಗಳನ್ನು ಅದು ಇಳಿಜಾರು ಕೋನದಲ್ಲಿ ತಾಗುತ್ತದೆ. ಗುದ್ದಿ ನಿಲ್ಲುವ ಬದಲು ಹತ್ತಿ ದಾಟುತ್ತದೆ. ಹಿಮಾಲಯನ್‌ನ ಮುಂದಿನ ಫೋರ್ಕ್ 200 ಮಿಲಿಮೀಟರ್ ಕುಗ್ಗಬಲ್ಲದು, ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350ರದ್ದು 130 ಮಾತ್ರ. ತೋಟದ ದಾರಿಯಲ್ಲಿ ನಿಮಗೆ ಮೊದಲು ಗೊತ್ತಾಗುವ ವ್ಯತ್ಯಾಸ ಇದೇ.

ಉತ್ತರ: ಗ್ಯಾರೇಜಿನವನು, ಹಾಸನ

ಮೇಲಿನವರು ಹೇಳಿದ್ದೆಲ್ಲ ಸರಿ. ನಾನು ಎಂಜಿನ್ನಿನ ವಿಚಾರವನ್ನಷ್ಟೇ ಸೇರಿಸುತ್ತೇನೆ, ಏಕೆಂದರೆ ಗ್ರಾಹಕರು ಅತಿ ಹೆಚ್ಚು ತಪ್ಪಾಗಿ ತಿಳಿಯುವುದು ಇದನ್ನೇ. ಯಮಾಹಾ ಆರ್15 ಮತ್ತು ಕ್ಲಾಸಿಕ್ 350 ಇವೆರಡನ್ನು ಹೋಲಿಸಿ ನೋಡಿ. ಆರ್15ರದ್ದು 155 ಸಿಸಿ, ಸುಮಾರು 18 ಅಶ್ವಶಕ್ತಿ. ಕ್ಲಾಸಿಕ್‌ನದ್ದು 349 ಸಿಸಿ, ಸುಮಾರು 20. ಇಷ್ಟನ್ನೇ ನೋಡಿದರೆ ಎರಡೂ ಸರಿಸಮವೆನಿಸುತ್ತವೆ. ಆದರೆ ಆರ್15 ತನ್ನ ಪೂರ್ತಿ ಶಕ್ತಿ ಕೊಡಬೇಕಾದರೆ ಎಂಜಿನ್ ನಿಮಿಷಕ್ಕೆ 10,000 ಸುತ್ತು ತಿರುಗಬೇಕು, ಕ್ಲಾಸಿಕ್‌ಗೆ 6,100 ಸಾಕು. ಎಳೆತದ ಬಲ, ಅಂದರೆ ಟಾರ್ಕ್, ಆರ್15ಕ್ಕೆ 7,500 ಸುತ್ತಿನಲ್ಲಿ 14 ನ್ಯೂಟನ್ ಮೀಟರ್ ಚಿಲ್ಲರೆಯಾದರೆ ಕ್ಲಾಸಿಕ್‌ಗೆ 4,000 ಸುತ್ತಿನಲ್ಲೇ 27. ಇಬ್ಬರು ಕೂತು ಏರು ಹತ್ತುವಾಗ ಒಂದರಲ್ಲಿ ಗೇರು ಇಳಿಸಿ ಎಂಜಿನ್ ಕೂಗಿಸಬೇಕು, ಇನ್ನೊಂದು ಅದೇ ಗೇರಿನಲ್ಲಿ ಎಳೆದುಕೊಂಡು ಹೋಗುತ್ತದೆ.

ಹಾಗೆಂದು ಕ್ಲಾಸಿಕ್ಕನ್ನೇ ಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಅದರ ತೂಕ 195 ಕಿಲೋ. ಮಳೆಗಾಲದ ಕೆಸರಿನಲ್ಲಿ ಹಿಂದಿನ ಚಕ್ರ ಹೂತುಕೊಂಡರೆ ಒಬ್ಬರೇ ಎಳೆದು ತೆಗೆಯುವುದು ಸುಲಭವಲ್ಲ.

ಉತ್ತರ: ಸಕಲೇಶಪುರದ ಓದುಗಿ

ಇಲ್ಲಿಯವರೆಗೆ ಎಲ್ಲರೂ ಓಡಿಸುವವರ ಬಗ್ಗೆಯೇ ಬರೆದಿದ್ದೀರಿ, ಹಿಂದೆ ಕೂರುವ ತಾಯಿಯವರನ್ನು ಯಾರೂ ನೆನೆಯಲಿಲ್ಲ. ಎಕ್ಸ್‌ಪಲ್ಸ್‌ನ ಸೀಟು ನೆಲದಿಂದ ಸುಮಾರು 825 ಮಿಲಿಮೀಟರ್ ಎತ್ತರದಲ್ಲಿದೆ, ಸ್ಪ್ಲೆಂಡರ್‌ನದು 785. ಕಾಗದದ ಮೇಲೆ ನಾಲ್ಕೇ ಸೆಂಟಿಮೀಟರ್. ಆದರೆ ವಯಸ್ಸಾದವರು ಸೀರೆಯುಟ್ಟು ಒಂದೇ ಬದಿಯಿಂದ ಹತ್ತಿ ಕೂರುವಾಗ ಅದು ಬಹಳ ದೊಡ್ಡದು. ನಿಮ್ಮ ಎತ್ತರಕ್ಕೆ ಅಂಥ ಬೈಕಿನಲ್ಲಿ ಎರಡೂ ಪಾದ ಪೂರ್ತಿ ನೆಲಕ್ಕೆ ಊರುವುದಿಲ್ಲ. ಅವರು ಹತ್ತುವ ಕ್ಷಣದಲ್ಲಿ ಭಾರವೆಲ್ಲ ಒಂದು ಬದಿಗೆ ವಾಲುತ್ತದೆ, ಆಗ ನೀವು ಬೈಕನ್ನು ತುದಿಗಾಲಿನಲ್ಲಿ ಹಿಡಿದು ನಿಲ್ಲಿಸಬೇಕಾಗುತ್ತದೆ. ಸ್ಪೋರ್ಟ್ಸ್ ಬೈಕಿನ ಹಿಂದಿನ ಸೀಟಂತೂ ಅವರಿಗೆ ಹೇಳಿಸಿದ್ದೇ ಅಲ್ಲ.

ಬಗೆ ಯಾವುದಾದರೂ ಇರಲಿ, ಹಿಂದೆ ಕೂರುವವರಿಗೆ ಹಿಡಿಕೆ, ಫುಟ್‌ರೆಸ್ಟ್ ಮತ್ತು ಹಿಂದಿನ ಚಕ್ರದ ಅರ್ಧಭಾಗವನ್ನಾದರೂ ಮುಚ್ಚುವ ರಕ್ಷಣೆ ಇರಬೇಕೆಂದು ಕೇಂದ್ರ ಮೋಟಾರು ವಾಹನ ನಿಯಮಗಳೇ ಹೇಳುತ್ತವೆ. ಚೆಂದ ಕಾಣಲೆಂದು ಸೀರೆ ಗಾರ್ಡ್ ತೆಗೆಸುವವರನ್ನು ಕಂಡಾಗ ನನಗೆ ನಿಜಕ್ಕೂ ಸಂಕಟವಾಗುತ್ತದೆ.

ಮರುಪ್ರಶ್ನೆ: ತೋಟದ ಮನೆ, ಮೂಡಿಗೆರೆ

ತುಂಬಾ ಧನ್ಯವಾದಗಳು. ಹಾಗಾದರೆ ಕಮ್ಯೂಟರ್ ಕೊಂಡು, ಮಣ್ಣುದಾರಿಗೆ ಹಿಡಿತ ಕೊಡುವ ಟೈರ್ ಹಾಕಿಸಿಕೊಂಡರೆ ಸಾಲುವುದೇ? ಘಾಟಿಯಲ್ಲಿ ಬ್ರೇಕಿನ ವಿಚಾರ ಹೇಗೆ?

ಉತ್ತರ: ಗ್ಯಾರೇಜಿನವನು, ಹಾಸನ

ಸಾಲುತ್ತದೆ, ಆದರೆ 100 ಸಿಸಿ ಬೇಡ. 2019ರ ಏಪ್ರಿಲ್‌ನಿಂದ 125 ಸಿಸಿಗಿಂತ ದೊಡ್ಡ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಮಳೆಯಲ್ಲಿ ಚಾರ್ಮಾಡಿ ಇಳಿಯುವಾಗ ಗಾಬರಿಯಿಂದ ಮುಂದಿನ ಬ್ರೇಕ್ ಒತ್ತಿದರೂ ಚಕ್ರ ಕಚ್ಚಿ ನಿಂತು ಜಾರದಂತೆ ಅದು ಕಾಪಾಡುತ್ತದೆ. 150ರಿಂದ 160 ಸಿಸಿಯ, ನೆಟ್ಟಗೆ ಕೂರುವ, ಒಂದೇ ಉದ್ದ ಸೀಟಿನ ಬೈಕು ನೋಡಿ. ಟೈರನ್ನು ಕಂಪನಿ ಹೇಳಿದ ಅಳತೆಯಲ್ಲೇ ಕೊಳ್ಳಿ. ಆಳ ಗೀರಿನ ಟೈರು ಕೆಸರಿನಲ್ಲಿ ಚೆನ್ನಾಗಿ ಹಿಡಿಯುತ್ತದೆ, ಆದರೆ ಒದ್ದೆ ಡಾಂಬರಿನಲ್ಲಿ ಅದರ ಹಿಡಿತ ಕಡಿಮೆ. ಆದ್ದರಿಂದ ಎರಡಕ್ಕೂ ಹೊಂದುವ ನಡುವಿನ ಮಾದರಿಯೇ ನಿಮಗೆ ಸೂಕ್ತ. ಶೋರೂಮಿಗೆ ಹೋಗುವಾಗ ಅಮ್ಮನವರನ್ನೂ ಕರೆದುಕೊಂಡು ಹೋಗಿ, ನೀವು ಹ್ಯಾಂಡಲ್ ಹಿಡಿದು ಕೂತಿರುವಾಗಲೇ ಅವರನ್ನು ಹತ್ತಿಸಿ ಇಳಿಸಿ ನೋಡಿದ ಮೇಲೆಯೇ ಮುಂಗಡ ಕೊಡಿ.