ಹ್ಯಾಮ್‌ಸ್ಟ್ರಿಂಗ್‌ಗೆ ಅಲ್ಟ್ರಾಸೌಂಡ್: ಐದು ನಿಮಿಷ ಕೊಟ್ಟರೂ ಬಿಸಿ ಏರುತ್ತಿಲ್ಲ

ಪ್ರಶ್ನೆ
ಆಟಗಾರನಿಗೆ ಹ್ಯಾಮ್‌ಸ್ಟ್ರಿಂಗ್‌ನಲ್ಲಿ (ತೊಡೆಯ ಹಿಂಭಾಗದ ಸ್ನಾಯು) ಗ್ರೇಡ್ 2 ಗಾಯ, ಅಂದರೆ ಸ್ನಾಯು ಭಾಗಶಃ ಹರಿದಿದೆ; ಮೂರು ವಾರ ಕಳೆದಿದೆ. ಸ್ಟ್ರೆಚ್‌ಗೆ ಮುಂಚೆ ಸ್ನಾಯು ಬಿಸಿಯಾಗಲಿ ಅಂತ ಅಲ್ಟ್ರಾಸೌಂಡ್ (ಶಬ್ದದ ಅಲೆಯಿಂದ ಒಳಗೆ ಬಿಸಿ ಕೊಡುವ ಚಿಕಿತ್ಸೆ) 1 ಮೆಗಾಹರ್ಟ್ಸ್, ಕಂಟಿನ್ಯುಯಸ್ (ಬಿಡುವಿಲ್ಲದ ಅಲೆ), ಚದರ ಸೆಂ.ಮೀ.ಗೆ 1 ವಾಟ್, 5 ನಿಮಿಷ ಕೊಡುತ್ತಿದ್ದೇವೆ. ಹೆಡ್‌ನ (ಚರ್ಮದ ಮೇಲೆ ಓಡಿಸುವ ಭಾಗ) ಇಆರ್‌ಎ, ಅಂದರೆ ಅಲೆ ನಿಜವಾಗಿ ಹೊರಬರುವ ಜಾಗ, 5 ಚದರ ಸೆಂ.ಮೀ. ತೊಡೆಯ ಹಿಂಭಾಗ ಪೂರ್ತಿ ಓಡಿಸುತ್ತೇವೆ. ಆಟಗಾರನಿಗೆ ಬಿಸಿಯೇ ಗೊತ್ತಾಗುವುದಿಲ್ಲ. ಆದರೆ ಕೂರುವ ಮೂಳೆಯ ಹತ್ತಿರ ಒಮ್ಮೊಮ್ಮೆ ಒಳಗಿನಿಂದ ಚುಚ್ಚಿದಂತಾಗುತ್ತದೆ. ಮೆಷಿನ್ ಕೆಟ್ಟಿದೆಯೇ?

ಉತ್ತರ 1
ಮೆಷಿನ್‌ಗಿಂತ ಮೊದಲು ಲೆಕ್ಕ ನೋಡಿ. 1 ಮೆಗಾಹರ್ಟ್ಸ್, 1 ವಾಟ್‌ನಲ್ಲಿ ಸ್ನಾಯು ಬಿಸಿಯಾಗುವುದು ನಿಮಿಷಕ್ಕೆ ಸುಮಾರು 0.2 ಡಿಗ್ರಿ. ಐದು ನಿಮಿಷಕ್ಕೆ ಒಂದೇ ಡಿಗ್ರಿ. ಅದೂ ಇಆರ್‌ಎಯ ಎರಡು ಪಟ್ಟು ಜಾಗದಲ್ಲಿ, ಅಂದರೆ 10 ಚದರ ಸೆಂ.ಮೀ.ನಲ್ಲಿ ಕೊಟ್ಟರೆ. ನೀವು ಓಡಿಸುತ್ತಿರುವುದು 20 × 10 ಸೆಂ.ಮೀ. ಇದ್ದರೂ 200 ಚದರ ಸೆಂ.ಮೀ. ಆಯಿತು. ಅಷ್ಟಕ್ಕೆ ಹರಡಿದರೆ ರಕ್ತವೇ ಶಾಖವನ್ನು ಹೊತ್ತೊಯ್ಯುತ್ತದೆ.

ಸ್ನಾಯು ಸುಲಭವಾಗಿ ಹಿಗ್ಗಲು ಬೇಕಾದದ್ದು ಸುಮಾರು 4 ಡಿಗ್ರಿ ಏರಿಕೆ. ಗಾಯದ ಜಾಗವನ್ನು ಬೆರಳಿನಿಂದ ಹುಡುಕಿ, ಗುರುತು ಹಾಕಿ, ಅಷ್ಟರಲ್ಲೇ 1.5 ವಾಟ್‌ನಲ್ಲಿ 12–13 ನಿಮಿಷ ಕೊಡಿ. ಹೆಡ್ ಸೆಕೆಂಡಿಗೆ ಸುಮಾರು 4 ಸೆಂ.ಮೀ. ಚಲಿಸಲಿ. ಕೊನೆಯ ಎರಡು ನಿಮಿಷದಲ್ಲೇ ಕಾಲು ಎಳೆದು ಹಿಡಿಯಿರಿ. ಹೆಡ್ ತೆಗೆದ ಮೂರರಿಂದ ಐದು ನಿಮಿಷದೊಳಗೆ ಶಾಖ ಇಳಿದುಬಿಡುತ್ತದೆ. ಜೆಲ್ ಒರೆಸಿ, ಟವೆಲ್ ಹುಡುಕಿ, ಆಮೇಲೆ ಸ್ಟ್ರೆಚ್ ಅಂದರೆ ಮುಗಿದುಹೋಯಿತು.

ಉತ್ತರ 2
ಆ ಚುಚ್ಚುವ ನೋವನ್ನು ಹಗುರಾಗಿ ತೆಗೆದುಕೊಳ್ಳಬೇಡಿ. ಮೂಳೆ ಈ ಶಕ್ತಿಯನ್ನು ಸ್ನಾಯುವಿಗಿಂತ ಬಹಳ ಹೆಚ್ಚು ಹೀರುತ್ತದೆ, ಅದರ ಹೊದಿಕೆ ಪೊರೆ ಬಿಸಿಯಾಗಿ ನೋಯುತ್ತದೆ. ಹೆಡ್‌ನ ಬಿಎನ್‌ಆರ್ (ಕಿರಣದ ಅತಿ ತೀವ್ರ ಬಿಂದುವಿಗೂ ಸರಾಸರಿಗೂ ಇರುವ ಅನುಪಾತ) ಎಷ್ಟಿದೆ ಲೇಬಲ್‌ನಲ್ಲಿ ನೋಡಿ: 5:1 ಇದ್ದರೆ, 1.5 ವಾಟ್ ಸರಾಸರಿಯಲ್ಲಿ ಕಿರಣದೊಳಗೆ ಕೆಲವು ಬಿಂದುಗಳಲ್ಲಿ 7.5 ವಾಟ್. ಹೆಡ್ ನಿಂತಲ್ಲೇ ನಿಂತರೆ ಆ ಬಿಂದು ಸುಡುತ್ತದೆ. ನೋವು ಅಂದ ಕೂಡಲೇ ತೀವ್ರತೆ ಇಳಿಸಿ, ಮೂಳೆಯಿಂದ ದೂರ ಸರಿಯಿರಿ. ಸಹಿಸಿಕೊಳ್ಳಿ ಅನ್ನುವುದು ತಪ್ಪು.

ಜೆಲ್ ಕೂಡ ನೋಡಿ. ನೋವಿನ ಮುಲಾಮನ್ನೇ ಜೆಲ್ ಬದಲು ಹಚ್ಚುವವರಿದ್ದಾರೆ. ದಪ್ಪ ಕ್ರೀಮ್‌ಗಳಲ್ಲಿ ಬಹುಪಾಲು ಅಲೆಯನ್ನು ಸರಿಯಾಗಿ ದಾಟಿಸುವುದಿಲ್ಲ. ಗಾಳಿಗುಳ್ಳೆ ಇದ್ದಲ್ಲಿ ಅಲೆ ಹೆಚ್ಚುಕಮ್ಮಿ ಪೂರ್ತಿ ಹಿಂದಕ್ಕೆ ಬರುತ್ತದೆ. ಹೆಡ್ ಮೇಲೆ ನೀರಹನಿ ಕುಣಿದರೆ ಔಟ್‌ಪುಟ್ ಇದೆ ಅಂತಷ್ಟೇ ಅರ್ಥ, ಎಷ್ಟಿದೆ ಅಂತಲ್ಲ. ಅದಕ್ಕೆ ವರ್ಷಕ್ಕೊಮ್ಮೆ ಕ್ಯಾಲಿಬ್ರೇಷನ್ (ಔಟ್‌ಪುಟ್ ಅಳೆದು ಸರಿಪಡಿಸುವುದು) ಬೇಕೇ ಬೇಕು.

ಪ್ರಶ್ನೆ ಕೇಳಿದವರು
3 ಮೆಗಾಹರ್ಟ್ಸ್‌ನಲ್ಲಿ ಬೇಗ ಬಿಸಿಯಾಗುತ್ತದಲ್ಲ, ಅದಕ್ಕೆ ಬದಲಿಸಬಹುದೇ?

ಉತ್ತರ 1
ಮೂರು ಪಟ್ಟು ಬೇಗ, ನಿಜ. ಆದರೆ ಶಕ್ತಿಯೆಲ್ಲ ಮೇಲಿನ 1–2 ಸೆಂ.ಮೀ.ನಲ್ಲೇ ಖರ್ಚಾಗುತ್ತದೆ. ಮಂಡಿಚಿಪ್ಪಿನ ಕೆಳಗಿನ ಟೆಂಡನ್‌ಗೆ ಸರಿ, ತೊಡೆಯ ಆಳಕ್ಕೆ ಅಲ್ಲ.

ಉತ್ತರ 3
ಇಷ್ಟೆಲ್ಲ ಸರಿಪಡಿಸಿದರೂ ಇದರಿಂದ ಸಿಗುವುದು ಸ್ಟ್ರೆಚ್‌ಗೆ ಕೆಲವು ನಿಮಿಷದ ಅನುಕೂಲ ಮಾತ್ರ, ಸ್ನಾಯು ಬೇಗ ಕೂಡುತ್ತದೆ ಅಂತ ಆಟಗಾರನಿಗೆ ಹೇಳಬೇಡಿ. ಪಾದದ ಕೀಲಿನ ಉಳುಕಿಗೆ ಅಲ್ಟ್ರಾಸೌಂಡ್ ಬಗ್ಗೆ 2011ರ ಕಾಕ್ರೇನ್ ವಿಮರ್ಶೆಯಲ್ಲಿ (ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡುವ ವರದಿ) ಹೇಳಿಕೊಳ್ಳುವಂಥ ಲಾಭ ಕಂಡಿಲ್ಲ. ಮೂರನೇ ವಾರದಲ್ಲಿ ಹ್ಯಾಮ್‌ಸ್ಟ್ರಿಂಗ್‌ಗೆ ಮುಖ್ಯವಾಗಿ ಬೇಕಾದದ್ದು ಹಂತಹಂತವಾಗಿ ಏರುವ ಎಕ್ಸೆಂಟ್ರಿಕ್ ಭಾರ, ಅಂದರೆ ಸ್ನಾಯು ಉದ್ದವಾಗುತ್ತಲೇ ಭಾರ ತಡೆಯುವ ವ್ಯಾಯಾಮ. ಸಮಯ ಕಡಿಮೆ ಇದ್ದರೆ ಆ 13 ನಿಮಿಷವನ್ನು ಅದಕ್ಕೇ ಕೊಡಿ.

ಇನ್ನೊಂದು: ಮೊದಲ ಕೆಲವು ದಿನ, ಒಳಗೆ ರಕ್ತ ಸೋರುತ್ತಿರುವಾಗ, ಕಂಟಿನ್ಯುಯಸ್ ಮುಟ್ಟಲೇಬಾರದು. ಕಾಲು ಊದಿ ಬಿಸಿಯಾಗಿ ರಕ್ತ ಹೆಪ್ಪುಗಟ್ಟಿದ ಅನುಮಾನವಿದ್ದರೆ, ಸ್ಪರ್ಶಜ್ಞಾನ ಕಮ್ಮಿಯಿದ್ದರೆ, ಬೆಳೆಯುವ ಮಕ್ಕಳ ಮೂಳೆತುದಿಯ ಮೇಲೆ ಆದರೆ, ಯಾವ ಸೆಟ್ಟಿಂಗ್‌ನಲ್ಲೂ ಬೇಡ.