ಮಲೆನಾಡಿನ ಮಳೆಗೆ ಹಾಲೋ ಬಾಡಿ ಗಿಟಾರ್ ತಡೆಯುತ್ತದಾ?

ತುಂಗಾತಂತಿ, ತೀರ್ಥಹಳ್ಳಿ:
ನನ್ನ ಹತ್ತಿರ ಒಂದು ಸ್ಟ್ರಾಟ್ (ಟೊಳ್ಳಿಲ್ಲದ, ಗಟ್ಟಿ ಮರದ ಎಲೆಕ್ಟ್ರಿಕ್ ಗಿಟಾರ್) ಇದೆ. ಆದರೆ ಹಳೇ ಸಿನಿಮಾ ಹಾಡುಗಳ ಗಿಟಾರ್ ಬಿಟ್ ನುಡಿಸುವಾಗ ಆ ದುಂಡನೆಯ ಸದ್ದು ಬರುವುದಿಲ್ಲ. ಹಾಲೋ ಬಾಡಿ, ಅಂದರೆ ಮೈ ಟೊಳ್ಳಿರುವ ಗಿಟಾರ್ ತಗೊಳ್ಳೋಣ ಅಂತ ಎಪಿಫೋನ್ ಕ್ಯಾಸಿನೊ, ಗ್ರೆಚ್ ಸ್ಟ್ರೀಮ್‌ಲೈನರ್, ಐಬನೀಜ್ ಆರ್ಟ್‌ಕೋರ್ ಮೂರರ ಮೇಲೂ ಕಣ್ಣಿದೆ. ಶಿವಮೊಗ್ಗದಲ್ಲಿ ಯಾವುದೂ ಕೈಗೆ ಸಿಗಲಿಲ್ಲ. ನುಡಿಸುವುದು ಮನೆಯಲ್ಲೇ ಜಾಸ್ತಿ, ಗಣಪತಿ ಹಬ್ಬಕ್ಕೆ ಮಾತ್ರ ಆರ್ಕೆಸ್ಟ್ರಾ. ಮಳೆಗಾಲದಲ್ಲಿ ನಮ್ಮ ಮನೆ ಗೋಡೆಯೇ ಬೆವರುತ್ತದೆ. ಏನು ಮಾಡಲಿ?

ಕೀಬೋರ್ಡ್ ಭಟ್ರು:
ಆರ್ಕೆಸ್ಟ್ರಾ ಇದ್ದರೆ ಕ್ಯಾಸಿನೊ ಬೇಡ ಮಾರಾಯ್ರೆ. ಪೂರ್ತಿ ಟೊಳ್ಳು. ವಾಲ್ಯೂಮ್ ಏರಿಸಿದರೆ ಕೂಯ್ ಅಂತ ಫೀಡ್‌ಬ್ಯಾಕ್ ಶುರು. ಗಿಬ್ಸನ್‌ನವರು 1958ರಲ್ಲಿ ತಂದ ಇಎಸ್-335ಕ್ಕೆ ನಡುವೆ ಉದ್ದಕ್ಕೆ ಮರದ ದಿಮ್ಮಿ ಇದೆ, ಅದು ಕೂಗುವುದು ಕಡಿಮೆ. ಆ ಜಾತಿಯ ಐಬನೀಜ್ ಎಎಸ್73 (ಆರ್ಟ್‌ಕೋರ್) ಅಥವಾ ಗ್ರೆಚ್ ಜಿ2622 (ಸ್ಟ್ರೀಮ್‌ಲೈನರ್) ನೋಡಿ.

ಸಾಗರದ ಹಳೇ ಲೀಡ್:
ಭಟ್ರು ಹೇಳಿದ್ದು ಸ್ಟೇಜಿಗೆ ಸರಿ. ಆದರೆ ಸ್ಟೇಜಿಗೆ ನಿಮ್ಮ ಸ್ಟ್ರಾಟ್ ಇದೆ ಅಲ್ವಾ? ಹಬ್ಬದ ನಾಲ್ಕು ದಿನಕ್ಕೋಸ್ಕರ ವರ್ಷವಿಡೀ ಕೇಳುವ ಸದ್ದು ಯಾಕೆ ಬಿಡುತ್ತೀರಿ? ದಿಮ್ಮಿ ಇದ್ದರೆ ಸ್ವರ ಜಾಸ್ತಿ ಹೊತ್ತು ನಿಲ್ಲುತ್ತದೆ. ನಿಮಗೆ ಬೇಕಿರುವುದು ಟಕ್ ಅಂತ ಎದ್ದು ಬೇಗ ಇಳಿಯುವ ಸ್ವರ. ಅದು ಪೂರ್ತಿ ಟೊಳ್ಳಿನದ್ದೇ ಗುಣ.

ನನ್ನ ಓಟು ಕ್ಯಾಸಿನೊಗೆ. 1961ರ ವಿನ್ಯಾಸ, ಎರಡು ಪಿ-90 ಪಿಕಪ್ (ತಂತಿಯ ಕಂಪನ ಹಿಡಿದು ಆಂಪ್‌ಗೆ ಕಳಿಸುವ ಭಾಗ). ಪಿ-90 ಸಿಂಗಲ್ ಕಾಯಿಲ್ (ಒಂದೇ ಸುರುಳಿಯದ್ದು) ಆದ್ದರಿಂದ ಗುಂಯ್ ಅನ್ನುತ್ತದೆ. ಮೊದಲು ಮನೆಯ ಅರ್ಥಿಂಗ್ ನೋಡಿಸಿ. ಪೆಂಡಾಲಿನ ಡಿಮ್ಮರ್ ಲೈಟ್ ಪಕ್ಕ ನಿಂತರಂತೂ ಕೇಳುವುದೇ ಬೇಡ.

ಕ್ಯಾಸಿನೊ ಮೈ ಪ್ಲೈವುಡ್ ಅಂತ ಮೂಗು ಮುರಿಯಬೇಡಿ. ಗಿಬ್ಸನ್‌ನವರ 1949ರ ಇಎಸ್-175 ಗಿಟಾರ್ ಕೂಡ ಪದರ ಅಂಟಿಸಿದ ಮರದ್ದೇ. ನಮ್ಮ ಆಷಾಢಕ್ಕೆ ಒಂಟಿ ಹಲಗೆಗಿಂತ ಅದೇ ವಾಸಿ, ಅಷ್ಟು ಉಬ್ಬುವುದಿಲ್ಲ. ಕೇಸಿನಲ್ಲಿ ಸಿಲಿಕಾ ಜೆಲ್ ಇಡಿ, ಆಗಾಗ ಬದಲಿಸಿ. ಇಲ್ಲದಿದ್ದರೆ ಬೂಷ್ಟು ಗ್ಯಾರಂಟಿ. ಅಡಿಕೆ ಒಣಗಿಸುವ ಅಟ್ಟದಲ್ಲಿಡಿ ಅಂತ ಯಾರಾದರೂ ಹೇಳಿಯಾರು, ಬೇಡ. ಒಲೆಯ ಬಿಸಿಗೆ ಅಂಟು ಬಿಡುತ್ತದೆ.

ಸೆಕೆಂಡ್ ಹ್ಯಾಂಡ್ ಆದರೆ ನಾಬ್‌ಗಳನ್ನು ತಿರುಗಿಸಿ ಕೇಳಿ. ಕರಕರ ಅಂದರೆ ರೇಟು ಇಳಿಸಿ, ಒಪ್ಪದಿದ್ದರೆ ಎದ್ದು ಬನ್ನಿ. ಕ್ಯಾಸಿನೊ ಹಿಂದೆ ಬಿಚ್ಚುವ ಮುಚ್ಚಳ ಇಲ್ಲ. ಪಾಟ್ (ನಾಬ್ ಕೆಳಗಿನ ವಾಲ್ಯೂಮ್, ಟೋನ್ ಕಂಟ್ರೋಲ್) ಬದಲಿಸಬೇಕೆಂದರೆ ಅದರ ಕಡ್ಡಿಗೆ ದಾರ ಕಟ್ಟಿ, ಎಫ್ ಆಕಾರದ ಕಿಂಡಿಯಿಂದ ಹೊರಗೆಳೆದು, ಬೆಸುಗೆ ಹಾಕಿ, ಅದೇ ದಾರ ಹಿಡಿದು ಮತ್ತೆ ತೂತಿಗೆ ತರಬೇಕು. ದಾರ ಜಾರಿತೋ, ಮತ್ತೆ ಮೊದಲಿಂದ. ಭಾನುವಾರ ಪೂರ್ತಿ ಅದಕ್ಕೇ ಹೋಗುತ್ತದೆ.

ತುಂಗಾತಂತಿ:
ನಮ್ಮದು ಹಳೇ ಮನೆ ಅಣ್ಣ, ಅರ್ಥಿಂಗ್ ಮೇಲೆ ನಂಬಿಕೆ ಇಲ್ಲ. ಸ್ಟ್ರೀಮ್‌ಲೈನರ್‌ನಲ್ಲೇ ಗ್ರೆಚ್ ಜಿ2420 ಆಗಬಹುದಾ?

ಸಾಗರದ ಹಳೇ ಲೀಡ್:
ಆಗಬಹುದು. ಅದೂ ಪೂರ್ತಿ ಟೊಳ್ಳು, ಹಂಬಕರ್ (ಎರಡು ಸುರುಳಿಯ ಪಿಕಪ್) ಇರುವುದರಿಂದ ಗುಂಯ್ ಕಾಟ ಕಡಿಮೆ. ಪಿ-90ಯ ಒರಟುತನ ಮಾತ್ರ ಸಿಗಲ್ಲ. ಅದರ ಬ್ರಿಡ್ಜ್ (ಮೈ ಮೇಲೆ ತಂತಿಗಳಿಗೆ ಆಸರೆ ಕೊಡುವ ಭಾಗ) ಸುಮ್ನೆ ತಂತಿಯ ಒತ್ತಡಕ್ಕೆ ನಿಂತಿರುತ್ತದೆ. ಎಲ್ಲಾ ತಂತಿ ಒಟ್ಟಿಗೆ ಬಿಚ್ಚಬೇಡಿ, ಒಂದೊಂದೇ ಬದಲಿಸಿ. ಕೊರಿಯರ್‌ನಲ್ಲಿ ತರಿಸಿದರೆ ಬ್ರಿಡ್ಜ್ ಜರುಗಿದ್ದರೂ ಜರುಗಿರಬಹುದು. 12ನೇ ಫ್ರೆಟ್‌ನಲ್ಲಿ ಹಾರ್ಮೋನಿಕ್ (ತಂತಿಗೆ ಬೆರಳು ಬರೀ ತಾಗಿಸಿ ಮೂಡಿಸುವ ಸ್ವರ) ಮತ್ತು ಒತ್ತಿದ ಸ್ವರ ಎರಡೂ ಒಂದೇ ಇದೆಯಾ ಅಂತ ಟ್ಯೂನರ್‌ನಲ್ಲಿ ನೋಡಿ, ಸರಿ ಮಾಡಿಕೊಳ್ಳಿ.

ಕೀಬೋರ್ಡ್ ಭಟ್ರು:
ಸಾಗರದವರು ಹಟ ಬಿಡುವವರಲ್ಲ 😄 ಹಬ್ಬಕ್ಕೆ ಅದನ್ನೇ ತರುತ್ತೀರಾದರೆ ಎಫ್ ಕಿಂಡಿಗೆ ಸ್ಪಂಜು ತುರುಕಿ, ಆಂಪ್‌ನಲ್ಲಿ ಬಾಸ್ ಇಳಿಸಿ.

ಸಾಗರದ ಹಳೇ ಲೀಡ್:
ತುಂಗಾತಂತಿಯವರೇ, ದುಡ್ಡು ಬಿಚ್ಚುವ ಮೊದಲು ಸ್ಟ್ರಾಟ್‌ಗೆ 11ರ (ದಪ್ಪದ ಅಳತೆ) ಫ್ಲಾಟ್‌ವೂಂಡ್, ಅಂದರೆ ನುಣುಪು ಸುತ್ತಿನ ತಂತಿ ಸೆಟ್ ಹಾಕಿ, ನೆಕ್ ಪಿಕಪ್‌ನಲ್ಲಿ (ಕುತ್ತಿಗೆ ಕಡೆಯದ್ದು) ಟೋನ್ ಅರ್ಧ ಇಳಿಸಿ ನುಡಿಸಿ ನೋಡಿ. ಅದರಲ್ಲೇ ಸಮಾಧಾನ ಆದರೆ ಗಿಟಾರ್ ದುಡ್ಡು ಉಳಿಯಿತು. ಆಗದಿದ್ದರೆ ಜನಶತಾಬ್ದಿ ಹತ್ತಿ ಬೆಂಗಳೂರಿಗೆ ಹೋಗಿ, ಕ್ಯಾಸಿನೊ, ಜಿ2420 ಎರಡನ್ನೂ ಕೈಯಲ್ಲಿ ಹಿಡಿದು ಆರಿಸಿ.