ಹಳೆ ಫ್ಯಾಕ್ಟರಿ ಜಾಗದಲ್ಲಿ ಮಣ್ಣು ಕಟ್ಟಿದವರು ಇದ್ದೀರಾ? ಅನುಭವ ಹೇಳಿ

ಹೊಸಜಾಗ: ಕಬ್ಬಿಣ ಎರಕ ಹೊಯ್ಯುತ್ತಿದ್ದ ಹಳೆ ಫೌಂಡ್ರಿ ಜಾಗ ತಗೊಂಡಿದ್ದೇವೆ. ಮೇಲೆ ಕಪ್ಪು ಮರಳು, ಕೆಳಗೆ ಕಾಂಕ್ರೀಟ್ ಚೂರು. ಲ್ಯಾಬಿನವರು ಮಣ್ಣು ಸುಟ್ಟು ತೂಕ ನೋಡಿ, ಸಾವಯವ ಅಂಶ ಶೇ. 6 ಅಂದರು. ಆದರೂ ಹುಲ್ಲು ಕೂಡ ಹುಟ್ಟುತ್ತಿಲ್ಲ. ಮರ ಬೆಳೆಸುವ ಆಸೆ. ಕಾಂಪೋಸ್ಟ್ ಸಾಕಾ, ಮೇಲ್ಮಣ್ಣು ತರಿಸಬೇಕಾ?

ಬೂದಿಗುಡ್ಡ: ಮೇಲ್ಮಣ್ಣಿನ ಮಾತೇ ಬೇಡ. ನನ್ನದು ಹಾರುಬೂದಿ ತುಂಬಿದ ಹೊಂಡ. ಬೂದಿಯಲ್ಲಿ ಸಾರಜನಕ ಇರುವುದಿಲ್ಲ, ಕಲ್ಲಿದ್ದಲು ಉರಿಯುವಾಗಲೇ ಹೋಗಿರುತ್ತದೆ. ಬೋರಾನ್ ಮಾತ್ರ ಬೇಕಾದಷ್ಟು, ಎಲೆಯ ಅಂಚೆಲ್ಲ ಸುಟ್ಟು ಹೋಗುತ್ತಿತ್ತು. ಹಸಿರು ಗೊಬ್ಬರಕ್ಕೆ ಅಂತ ಡಯಾಂಚ, ಸೆಣಬು ಬಿತ್ತಿದೆ. ಹೂ ಬರುವ ಹೊತ್ತಿಗೆ ಮಗುಚಿದೆ, ಮತ್ತೆ ಬಿತ್ತಿದೆ. ಮೊದಲ ಬೆಳೆ ಗೇಣುದ್ದ ಬಂದು ಹಳದಿಯಾಗಿ ನಿಂತುಬಿಟ್ಟಿತು. ನೋಡಿದವರೆಲ್ಲ ನಕ್ಕರು. ಆಮೇಲೆ ಗಾಳಿಮರ ನೆಟ್ಟೆ. ಅದರ ಬೇರಿನ ಗಂಟಿನಲ್ಲಿ ಫ್ರಾಂಕಿಯಾ ಅನ್ನುವ ಬ್ಯಾಕ್ಟೀರಿಯಾ ಇರುತ್ತದಲ್ಲ, ಗಾಳಿಯಿಂದಲೇ ಸಾರಜನಕ ಹಿಡಿದುಕೊಡುತ್ತದೆ. ಈಗ ಎರಡು ಬೆರಳು ದಪ್ಪ ಕಪ್ಪು ಮಣ್ಣು ಕಟ್ಟಿದೆ. ಒಂದು ಸೆಂ.ಮೀ. ಮಣ್ಣಿಗೆ ನೂರಾರು ವರ್ಷ ಬೇಕು ಅನ್ನುವ ಪಂಡಿತರು ಬಂದು ನೋಡಲಿ.

ಜೆಸಿಬಿಸಾಕು: ನಾನು ಮೇಲ್ಮಣ್ಣು ತರಿಸಿದವನೇ. ಲೋಡಿನ ದುಡ್ಡು ಬೇರೆ, ಇಳಿಸಿದ್ದಕ್ಕೆ ಬೇರೆ, ಹರಡಲು ಮಷಿನ್ ಗಂಟೆ ಲೆಕ್ಕದಲ್ಲಿ ಬೇರೆ. ಡ್ರೈವರ್ ಊಟಕ್ಕೆ ಹೋದಾಗಲೂ ಮೀಟರ್ ಓಡುತ್ತಿತ್ತು! ಆ ಮಣ್ಣೋ, ಆಳೆತ್ತರದ ರಾಶಿಯಲ್ಲಿ ಎಷ್ಟೋ ಕಾಲ ಕೂತಿದ್ದದ್ದು. ಒಳಗೆ ಗಾಳಿ ಇಲ್ಲದೆ ಕೊಳೆತ ಮೊಟ್ಟೆಯ ವಾಸನೆ. ಕಂಟ್ರಾಕ್ಟರ್ ಅದನ್ನು ಹರಡಿ, ಚೆಂದ ಕಾಣಲಿ ಅಂತ ಮೇಲೆ ರೋಲರ್ ಹೊಡೆಸಿದ. ಅಳೆದರೆ ಮಣ್ಣಿನ ತೂಕ ಘನ ಸೆಂ.ಮೀ.ಗೆ 1.8 ಗ್ರಾಂ. ಅಷ್ಟು ಗಟ್ಟಿಯಾದರೆ ಬೇರು ಎಲ್ಲಿಗೆ ಹೋಗಬೇಕು? ಮಳೆ ಬಂದರೆ ಕೆರೆ, ಬಿಸಿಲು ಬಂದರೆ ಇಟ್ಟಿಗೆ. ಕೊನೆಗೆ ಸೀಳು ನೇಗಿಲು ಹಾಕಿ ಆಳಕ್ಕೆ ಬಿರಿಸಿದೆವು. ಅದೂ ಮಣ್ಣು ಒಣಗುವ ತನಕ ಕಾದು. ಹಸಿಯಲ್ಲಿ ಸೀಳಿದರೆ ಇನ್ನೂ ಮೆತ್ತಿಕೊಳ್ಳುತ್ತದೆ. ಆ ಬಾಡಿಗೆಯಲ್ಲಿ ಇನ್ನೊಂದು ಸಲ ಮಣ್ಣೇ ತರಿಸಬಹುದಿತ್ತು.

ಬೂದಿಗುಡ್ಡ ಅವರೇ, ನಿಮ್ಮ ಎರಡು ಬೆರಳು ಮಣ್ಣಲ್ಲ. ಉದುರಿದ ಎಲೆ ಕೊಳೆತದ್ದು. ಕೆಳಗಿನ ಬೂದಿಯ ಜೊತೆ ಬೆರೆತಿದೆಯಾ?

ಬೂದಿಗುಡ್ಡ: ಬೆರೆಸುವುದಕ್ಕೆ ಎರೆಹುಳು ಇವೆ. ನಿಮ್ಮ ರೋಲರ್ ಬೇಕಾಗಿಲ್ಲ.

ಹೊಟ್ಟುಹೊಟ್ಟು: ಮರದ ಹೊಟ್ಟು ಪುಕ್ಕಟೆ ಸಿಗುತ್ತದೆ ಅನ್ನುವವರನ್ನು ನಂಬಬೇಡಿ. ಅದರಲ್ಲಿ ಒಂದು ಪಾಲು ಸಾರಜನಕಕ್ಕೆ 400 ಪಾಲು ಇಂಗಾಲ ಇರುತ್ತದೆ. ಚೆನ್ನಾಗಿ ಕೊಳೆಯಬೇಕಾದರೆ 25-30 ಇದ್ದರೆ ಸರಿ. ನಮ್ಮಲ್ಲಿಗೆ ಬಂದ ಸಲಹೆಗಾರರು ಅದನ್ನು ಮಣ್ಣಿನೊಳಗೆ ಕಲಸಿಸಿದರು. ಇದ್ದಬದ್ದ ಸಾರಜನಕವನ್ನೆಲ್ಲ ಸೂಕ್ಷ್ಮಜೀವಿಗಳೇ ನುಂಗಿದವು, ಗಿಡ ಬಿಳಿಚಿಕೊಂಡವು. ಮೇಲೆ ಹೊದಿಕೆಯಾಗಿ ಹಾಕಿದ ಪಟ್ಟಿಯಲ್ಲಿ ಮಾತ್ರ ಏನೂ ಆಗಲಿಲ್ಲ. ಆಮೇಲೆ ಕೊಟ್ಟಿಗೆ ಗೊಬ್ಬರ ತರಿಸಿದೆ. ಅದರಲ್ಲಿ ಕಳೆನಾಶಕದ ಶೇಷ! ಕ್ಲೋಪಿರಾಲಿಡ್ ಥರದ್ದು ದನದ ಹೊಟ್ಟೆಯಲ್ಲೂ ಕರಗುವುದಿಲ್ಲ, ತಿಪ್ಪೆಯಲ್ಲೂ ಬೇಗ ಕರಗುವುದಿಲ್ಲ. ಹುರುಳಿಕಾಯಿ ಸಸಿ ಸುರುಟಿಕೊಂಡಾಗಲೇ ಗೊತ್ತಾಗಿದ್ದು. ಅವತ್ತಿನಿಂದ ಗೊಬ್ಬರ ಯಾರೇ ಕೊಡಲಿ, ಮೊದಲು ಕುಂಡದಲ್ಲಿ ಹುರುಳಿಕಾಯಿ ಬೀಜ. ಕೊಟ್ಟವರಿಗೆ ಬೇಜಾರಾದರೆ ಆಗಲಿ.

ಸುಣ್ಣದಕಾಟ: ಪ್ರಶ್ನೆ ಕೇಳಿದವರನ್ನು ಎಲ್ಲರೂ ಮರೆತೇಬಿಟ್ಟಿರಾ? ಫೌಂಡ್ರಿ ಮರಳಿಗೆ ಬೆಂಟೊನೈಟ್ ಜೇಡಿ, ಕಲ್ಲಿದ್ದಲ ಪುಡಿ ಸೇರಿಸುತ್ತಾರೆ. ಸುಟ್ಟು ನೋಡಿದರೆ ಆ ಕಲ್ಲಿದ್ದಲೂ ಉರಿಯುತ್ತದೆ. ಆ ಶೇ. 6 ಎಲೆ, ಬೇರು, ಹುಳುವಿನದ್ದಲ್ಲ ಸ್ವಾಮಿ. ಗಿಡಕ್ಕೆ ಅದರಿಂದ ಅನ್ನ ಇಲ್ಲ. ನನ್ನ ಜಾಗದಲ್ಲೂ ಇಂಥದೇ ರಿಪೋರ್ಟ್ ಕೈಗಿಟ್ಟು ಸುಮ್ನೆ ಕಳಿಸಿದ್ದರು. ನನ್ನದು ಕೆಡವಿದ ಗೋದಾಮು, ಪೂರಾ ಕಾಂಕ್ರೀಟ್ ಪುಡಿ. ಪಿಎಚ್, ಅಂದರೆ ಹುಳಿ-ಕ್ಷಾರದ ಅಳತೆ, 8.5 ದಾಟಿತ್ತು. ಕಬ್ಬಿಣ ಮಣ್ಣಲ್ಲೇ ಇದ್ದರೂ ಗಿಡಕ್ಕೆ ಸಿಗದು. ಎಳೆ ಎಲೆ ಹಳದಿ, ನರ ಮಾತ್ರ ಹಸಿರು. ಕ್ಷಾರ ಇಳಿಯಲು ಗಂಧಕ ಹಾಕು ಅಂದರು, ಹಾಕಿದೆ. ಕಾಂಕ್ರೀಟಿನ ಆ ಸುಣ್ಣದ ಮುಂದೆ ಗಂಧಕ ಯಾವ ಲೆಕ್ಕ? ಚೀಲಗಟ್ಟಲೆ ದುಡ್ಡು ನೆಲಕ್ಕೆ ಹೋಯಿತು. ಸುಣ್ಣ ತಡೆಯುವ ಗಿಡ ಹಾಕಿದ ಮೇಲೇ ನೆಮ್ಮದಿ.

ಹೊಟ್ಟುಹೊಟ್ಟು: ಸೀಸ, ಆರ್ಸೆನಿಕ್ ಟೆಸ್ಟ್ ಮಾಡಿಸಿದಿರಾ? ಸುಣ್ಣದ ಕತೆ ಆಮೇಲೆ ಹೇಳಿ.

ಸುಣ್ಣದಕಾಟ: ಕಾಂಪೋಸ್ಟ್ ಹಾಕಿದರೆ ಸೀಸ ಅದಕ್ಕೆ ಅಂಟಿ ಕಟ್ಟಿಕೊಳ್ಳುತ್ತದೆ, ಗಿಡಕ್ಕೆ ಅಷ್ಟಾಗಿ ಸಿಗದು. ಎಲ್ಲರಿಗೂ ಗೊತ್ತಿರುವುದೇ.

ಹೊಟ್ಟುಹೊಟ್ಟು: ಕಟ್ಟಿಕೊಳ್ಳುತ್ತದೆ, ಮಾಯವಾಗುವುದಿಲ್ಲ. ಆರ್ಸೆನಿಕ್ ಇದ್ದರೆ ಇನ್ನೂ ಉಲ್ಟಾ. ಗೊಬ್ಬರದ ರಂಜಕ ಅದನ್ನು ಮಣ್ಣಿನ ಕಣದಿಂದ ತಳ್ಳಿ ನೀರಿಗೆ ಬಿಡುತ್ತದೆ. ಅರ್ಧ ತಿಳಿದು ಸಲಹೆ ಕೊಡಬೇಡಿ.

ಸುಣ್ಣದಕಾಟ: ಹುರುಳಿಕಾಯಿ ಕುಂಡ ಇಟ್ಟುಕೊಂಡವರೂ ಈಗ ರಸಾಯನಶಾಸ್ತ್ರ ಹೇಳುವವರೇ!

ಬೂದಿಗುಡ್ಡ: ನನ್ನದು ಮಣ್ಣಲ್ಲ ಅಂದವರಿಗೆ: ಮನುಷ್ಯ ಸುರಿದ ವಸ್ತುವಿನ ಮೇಲೆ ಆದ ಮಣ್ಣಿಗೆ 2006ರಲ್ಲೇ ಜಾಗತಿಕ ವರ್ಗೀಕರಣದಲ್ಲಿ ಟೆಕ್ನೊಸೋಲ್ ಅಂತ ಬೇರೆ ಗುಂಪು ಮಾಡಿದ್ದಾರೆ.

ಜೆಸಿಬಿಸಾಕು: ಹಾಗಾದರೆ ನನ್ನ ರೋಲರ್ ಹೊಡೆದ ಇಟ್ಟಿಗೆಯೂ ಟೆಕ್ನೊಸೋಲೇ. ಗುಂಪಿಗೆ ಸೇರಿದ ಮಾತ್ರಕ್ಕೆ ಬೇರು ಇಳಿಯುತ್ತದಾ? ಗುದ್ದಲಿಯಲ್ಲಿ ಒಂದು ಅಡಿ ಅಗೆದು ಪಕ್ಕದ ಗೋಡೆಯ ಫೋಟೊ ಹಾಕಿ, ಎರೆಹುಳು ಎಲ್ಲಿವರೆಗೆ ಇಳಿದಿವೆ ನೋಡೋಣ.

ಬೂದಿಗುಡ್ಡ: ಬೇಸಿಗೆಯಲ್ಲಿ ಅಗೆದರೆ ಯಾರ ಜಾಗದಲ್ಲೂ ಎರೆಹುಳು ಕಾಣಲ್ಲ. ಅಷ್ಟೂ ಗೊತ್ತಿಲ್ಲವಾ? ಮಳೆ ಬಂದ ಮೇಲೆ ಹಾಕುತ್ತೇನೆ.